ದೂರಿಗೊಂದು ಮುದ್ದತು, ತೀರ್ಪಿಗೊಂದು ಮುಕ್ತಾಯ

ದಾದಿಯಾಗಿ ದುಡಿಯುತ್ತಿದ್ದ ಮಹಿಳೆಯೊಬ್ಬರಿಗೆ 1993ರ ನವೆಂಬರ್‌ನಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ನಡೆಯಿತು. ಮನೆಗೆ ಬಂದ ಮೇಲೂ ಹೊಟ್ಟೆನೋವು ಅವರನ್ನು ಬಿಡಲಿಲ್ಲ. ನೋವಿನ ಮಾತ್ರೆ ನುಂಗುತ್ತಲೇ ಒಂಬತ್ತು ವರ್ಷ ಕಳೆದರು. 2002ರ ಅಕ್ಟೋಬರ್‌ನಲ್ಲಿ ಬೇರೆ ವೈದ್ಯರು ಮತ್ತೊಮ್ಮೆ ಹೊಟ್ಟೆ ತೆರೆದಾಗ ಒಳಗೆ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೀರಲು ಬಳಸುವ ಜಾಳುಬಟ್ಟೆಯ ಉಂಡೆ. ಅದು ಸಿಕ್ಕ ದಿನದಿಂದ ಎರಡು ವರ್ಷ ತುಂಬಲು ಕೆಲವೇ ದಿನ ಬಾಕಿ ಇರುವಾಗ ಆಕೆ ರಾಷ್ಟ್ರೀಯ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸಿದರು. ದೂರು ಸಕಾಲದಲ್ಲೇ ಬಂದಿದೆ ಎಂದು ಆಯೋಗ ಒಪ್ಪಿಕೊಂಡಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೋವು ಶುರುವಾದದ್ದು 1993ರಲ್ಲಿ, ಸ್ವತಃ ದಾದಿಯಾಗಿದ್ದ ಆಕೆ ಆಗಲೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕಂಡು ವಿಚಾರಿಸಬೇಕಿತ್ತು, ಸಾಮಾನ್ಯ ವಿವೇಕವುಳ್ಳ ಯಾರೇ ಆದರೂ ಒಂಬತ್ತು ವರ್ಷ ಸುಮ್ಮನಿರುತ್ತಿರಲಿಲ್ಲ ಎಂಬ ಕಾರಣ ನೀಡಿ 2010ರಲ್ಲಿ ದೂರನ್ನು ತಳ್ಳಿಹಾಕಿತು. ತಪ್ಪು ನಡೆದಿತ್ತೇ ಇಲ್ಲವೇ ಎಂಬ ಪ್ರಶ್ನೆಯ ವಿಚಾರಣೆಯೇ ಆಗಲಿಲ್ಲ. ಅದಕ್ಕೂ ಮುಂಚೆಯೇ ಬಾಗಿಲು ಮುಚ್ಚಿತ್ತು.

ಈ ಬಾಗಿಲನ್ನು ಇಟ್ಟವರು ಯಾರು, ಯಾವಾಗ ಇಟ್ಟರು? ನ್ಯಾಯ ಕೇಳಲು ಮುದ್ದತು ಏಕೆ? ಗ್ರಾಹಕರ ಕಾನೂನಿನಲ್ಲಿ ಇದಕ್ಕಿರುವುದು ಒಂದೇ ಒಂದು ಸಣ್ಣ ಕಲಮು. ಅದರ ಹಿಂದಿನ ಕಥೆ ಮಾತ್ರ ದೊಡ್ಡದು, ಮತ್ತು ಅದರ ಒಂದು ಎಳೆ ಕನ್ನಡ ನಾಡಿನಲ್ಲೇ ಇದೆ.

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ ಕಲ್ಯಾಣ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಕಣ್ಣೆದುರಿಗೇ ಪರರು ತನ್ನ ಭೂಮಿಯನ್ನು ಅನುಭವಿಸುತ್ತಿದ್ದರೂ 20 ವರ್ಷ ಚಕಾರವೆತ್ತದ ಒಡೆಯನಿಗೆ ಹಾನಿ, ಚರ ಸ್ವತ್ತಾದರೆ 10 ವರ್ಷಕ್ಕೇ ಹಾನಿ ಎಂದು ಸ್ಮೃತಿ ಹೇಳುತ್ತದೆ. ಹಾನಿ ಎಂದರೆ ಯಾವುದರ ಹಾನಿ? ಭೂಮಿಯೇ ಹೋಯಿತೆ? ಇಲ್ಲ ಎನ್ನುತ್ತಾನೆ ವಿಜ್ಞಾನೇಶ್ವರ. ಹೋಗುವುದು ಅಷ್ಟು ಕಾಲ ಬಂದ ಫಲ, ಒಡೆತನವಲ್ಲ. ಬರಿಯ ಕಾಲ ಸರಿದುಹೋದ ಮಾತ್ರಕ್ಕೆ ಒಬ್ಬನ ಸ್ವತ್ತು ಇನ್ನೊಬ್ಬನದಾಗದು ಎಂಬ ನಿಲುವು ಇದು. ಹಕ್ಕು ಬೇರೆ, ಆ ಹಕ್ಕಿನಿಂದ ದೊರಕುವ ಪರಿಹಾರ ಬೇರೆ ಎಂಬ ಈ ವಿಂಗಡಣೆಯನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಬೇರೆ ವೇಷದಲ್ಲಿ ಮತ್ತೆ ಎದುರಾಗುತ್ತದೆ.

ಇಂಗ್ಲೆಂಡಿನಲ್ಲಿ 1623ರ ಕಾನೂನು ಸಾಲ ಮತ್ತು ಕರಾರಿನ ದಾವೆಗಳಿಗೆ ಆರು ವರ್ಷದ ಗಡುವು ಹಾಕಿತ್ತು. ಈಸ್ಟ್ ಇಂಡಿಯಾ ಕಂಪನಿ 1793ರಲ್ಲಿ ಬಂಗಾಳಕ್ಕೆ ಮಾಡಿದ ನಿಬಂಧನೆಯಲ್ಲಿ 12 ವರ್ಷಗಳ ಅವಧಿ ಇತ್ತು. ಮದರಾಸು, ಮುಂಬಯಿ ಪ್ರಾಂತಗಳಿಗೆ ಬೇರೆಬೇರೆ ನಿಯಮ. ಈ ಗೊಂದಲ ತೊಲಗಿಸಲು ಬಂದದ್ದು 1859ರ 14ನೇ ಕಾಯ್ದೆ, ಅಂದರೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ಮೊದಲ ಕಾಲಮಿತಿ ಕಾಯ್ದೆ.

ಈ ಕಾಯ್ದೆಯ ಕಥೆ ಸ್ವಾರಸ್ಯಕರವೂ ಹೌದು, ದುಃಖಕರವೂ ಹೌದು. ಸಾಮಾನ್ಯ ಸಾಲಪತ್ರದ ಮುದ್ದತು ಮೂರು ವರ್ಷ ಎಂದು ಅದು ಗೊತ್ತುಮಾಡಿತು. ವರ್ಷಾನುಗಟ್ಟಲೆ ಬಡ್ಡಿ ಬೆಳೆಯಲು ಬಿಟ್ಟು ಕೊನೆಗೆ ರೈತನ ಹೊಲವನ್ನೇ ನುಂಗುವ ಪದ್ಧತಿಗೆ ಕಡಿವಾಣ ಹಾಕುವ ಉದ್ದೇಶ ಅದರ ಹಿಂದಿತ್ತು. ಆದರೆ ಸಾಹುಕಾರ ಕಾನೂನನ್ನು ರೈತನಿಗಿಂತ ಚೆನ್ನಾಗಿ ಓದಿಕೊಂಡ. ಮೂರು ವರ್ಷ ತುಂಬುವ ಮೊದಲೇ ರೈತನನ್ನು ಕರೆಸಿ, ಅಸಲು ಮತ್ತು ತೀರದ ಬಡ್ಡಿಯನ್ನು ಒಟ್ಟುಗೂಡಿಸಿ, ಆ ಮೊತ್ತವನ್ನೇ ಹೊಸ ಅಸಲು ಎಂದು ಕಾಣಿಸಿ ಹೊಸ ಪತ್ರ ಬರೆಸಿಕೊಂಡ. ಮೂರು ವರ್ಷಕ್ಕೊಮ್ಮೆ ಬಡ್ಡಿಯೇ ಅಸಲಾಗತೊಡಗಿತು. ಪತ್ರದಲ್ಲಿ ಏನಿದೆ ಎಂಬುದು ಹೆಬ್ಬೆಟ್ಟು ಒತ್ತಿದವನಿಗೆ ತಿಳಿಯುವಂತಿರಲಿಲ್ಲ. ರೈತನನ್ನು ಉಳಿಸಲು ಇಟ್ಟ ಗಡುವು ಅವನ ಕೊರಳಿನ ಉರುಳಾಯಿತು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ದಖನ್ನಿನ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದು ಸಾಲ ಧಾರಾಳವಾಗಿ ಸಿಕ್ಕಿತು. ಯುದ್ಧ ಮುಗಿದು ಬೆಲೆ ಕುಸಿದಾಗ ಸಾಲ ಕೊಡುವವರು ಕೈ ಹಿಂದೆಗೆದರು. ಸರ್ಕಾರ ಮಾತ್ರ ಕಂದಾಯ ಏರಿಸಿತು. ಕೊನೆಗೆ 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ಲೆಕ್ಕದ ಪುಸ್ತಕ ಮತ್ತು ಸಾಲಪತ್ರಗಳನ್ನು ಕೇಳಿ ತೆಗೆಸಿ ಬೆಂಕಿಗೆ ಹಾಕಿದರು. ಗಲಭೆ ಅಹಮದ್‌ನಗರಕ್ಕೂ ಹಬ್ಬಿತು. ಜನ ಸುಟ್ಟದ್ದು ಮುಖ್ಯವಾಗಿ ಕಾಗದವನ್ನು ಎಂಬುದು ಗಮನಾರ್ಹ. ತಮ್ಮನ್ನು ಕಟ್ಟಿಹಾಕಿರುವುದು ಯಾವುದೆಂದು ಅವರಿಗೆ ಗೊತ್ತಿತ್ತು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1879ರಲ್ಲಿ ಬಂದ ದಖನ್ ರೈತರ ಪರಿಹಾರ ಕಾಯ್ದೆ ರೈತರ ಮೇಲಿನ ದಾವೆಗಳ ಮುದ್ದತನ್ನು ಹಿಗ್ಗಿಸಿತು. ಪತ್ರದಲ್ಲಿ ಬರೆದದ್ದನ್ನೇ ಪ್ರಮಾಣವೆಂದು ಹಿಡಿಯದೆ ವ್ಯವಹಾರದ ಇತಿಹಾಸವನ್ನೇ ಕೆದಕಿ ನೋಡುವ ಅಧಿಕಾರವನ್ನೂ ಕೋರ್ಟುಗಳಿಗೆ ನೀಡಿತು. ಕಾಲಮಿತಿ ಚಿಕ್ಕದಾದಷ್ಟೂ ದುರ್ಬಲನಿಗೆ ಒಳ್ಳೆಯದು ಎಂಬ 1859ರ ನಂಬಿಕೆ ಇಪ್ಪತ್ತೇ ವರ್ಷಗಳಲ್ಲಿ ತಿರುವುಮುರುವಾಯಿತು. ಅಂದು ಮುಂಬಯಿ ಪ್ರಾಂತಕ್ಕೇ ಸೇರಿದ್ದ ಧಾರವಾಡ, ಬೆಳಗಾವಿ ಸೀಮೆಯಲ್ಲೂ ಜಾರಿಯಲ್ಲಿದ್ದುದು 1859ರ ಅದೇ ಕಾಲಮಿತಿ ಕಾಯ್ದೆ.

1871, 1877, 1908ರಲ್ಲಿ ಕಾಲಮಿತಿ ಕಾಯ್ದೆ ಹೊಸ ರೂಪ ಪಡೆಯಿತು. ಸ್ವಾತಂತ್ರ್ಯಾನಂತರ ಬಂದದ್ದು 1963ರ ಕಾಯ್ದೆ. ಕರಾರಿನ ದಾವೆಗಳಿಗೆ ಸಾಮಾನ್ಯವಾಗಿ ಮೂರು ವರ್ಷ ಎಂಬ ಲೆಕ್ಕ ಅದರಲ್ಲಿದೆ. ಮುದ್ದತು ಮೀರಿದರೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆಯೇ ಹೊರತು ಸಾಲ ಸಾಲವಾಗಿಯೇ ಉಳಿಯುತ್ತದೆ ಎಂಬುದು ಇಲ್ಲಿಯ ಸಾಮಾನ್ಯ ತತ್ವ. 1872ರ ಕರಾರು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುದ್ದತು ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಮಾಡಿದರೆ ಆ ಮಾತು ಊರ್ಜಿತ ಎನ್ನುತ್ತದೆ. ಕಲ್ಯಾಣದ ವಿದ್ವಾಂಸನ ವಿಂಗಡಣೆ ಇಲ್ಲಿ ನೆನಪಾಗದೆ ಇರದು.

ಈಗ ಗ್ರಾಹಕರ ವಿಷಯಕ್ಕೆ ಬರೋಣ. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1962ರ ಮಾರ್ಚ್ 15ರಂದು ಅಲ್ಲಿನ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಗ್ರಾಹಕರ ಹಕ್ಕುಗಳ ಪ್ರಸ್ತಾಪವಿತ್ತು. ವಿಶ್ವಸಂಸ್ಥೆ 1985ರ ಏಪ್ರಿಲ್‌ನಲ್ಲಿ ಗ್ರಾಹಕರ ರಕ್ಷಣೆಗೆ ಮಾರ್ಗದರ್ಶಿ ಸೂತ್ರಗಳನ್ನು ಅಂಗೀಕರಿಸಿತು. ಮರುವರ್ಷವೇ ಭಾರತದ ಗ್ರಾಹಕರ ರಕ್ಷಣಾ ಕಾಯ್ದೆ ಬಂತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಆ ದಿನವೇ ಇಂದಿಗೂ ರಾಷ್ಟ್ರೀಯ ಗ್ರಾಹಕರ ದಿನ. ಜಿಲ್ಲೆಗೊಂದು ವೇದಿಕೆ, ರಾಜ್ಯಕ್ಕೊಂದು ಆಯೋಗ, ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ ಎಂಬ ಮೂರು ಮೆಟ್ಟಿಲಿನ ವ್ಯವಸ್ಥೆ. ವಕೀಲರಿಲ್ಲದೆಯೂ ಬಿಳಿ ಹಾಳೆಯಲ್ಲಿ ದೂರು ಬರೆದು ಕೊಡಬಹುದಿತ್ತು.

ಈ ಕಾಯ್ದೆಯಲ್ಲಿ ಒಂದು ಅಂಶ ಇತ್ತು, ಒಂದು ಇರಲಿಲ್ಲ. ಇದ್ದದ್ದು 24ನೇ ಕಲಮು: ಮೇಲ್ಮನವಿ ಸಲ್ಲಿಸದಿದ್ದರೆ ವೇದಿಕೆಯ ಅಥವಾ ಆಯೋಗದ ಆದೇಶವೇ ಅಂತಿಮ. ಇರದಿದ್ದದ್ದು ದೂರು ಕೊಡಲು ಕೊನೆಯ ದಿನ. ವ್ಯಾಜ್ಯ ಮುಗಿಯುವುದು ಯಾವಾಗ ಎಂದು ಹೇಳಿದ ಶಾಸನ, ಅದು ಎಂದಿನೊಳಗೆ ಶುರುವಾಗಬೇಕೆಂದು ಹೇಳಿರಲಿಲ್ಲ. ಅದು ಉದ್ದೇಶಪೂರ್ವಕವೋ ಮರೆವೋ, ಅಂತೂ ಆರೇಳು ವರ್ಷ ಹಾಗೇ ನಡೆಯಿತು. ಹಾಗೆಂದು ಹತ್ತು ವರ್ಷದ ಹಿಂದಿನ ರಸೀದಿ ಹಿಡಿದು ಬಂದವರಿಗೆಲ್ಲ ದಾರಿ ಸುಗಮವಾಗಿತ್ತೆಂದು ತಿಳಿಯಬೇಕಿಲ್ಲ. ಬ್ಯಾಂಕೊಂದರ ವಿರುದ್ಧ ರಫ್ತುದಾರನೊಬ್ಬ 1992ರಲ್ಲಿ ಕೊಟ್ಟ ದೂರು 2000ದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಶಾಸನದಲ್ಲಿ ಗಡುವು ಇಲ್ಲದಿದ್ದರೂ ಯುಕ್ತ ಕಾಲದೊಳಗೆ ದೂರು ಕೊಡಬೇಕು, ಯುಕ್ತ ಕಾಲವೆಂದರೆ ಕಾಲಮಿತಿ ಕಾಯ್ದೆಯ ಮೂರು ವರ್ಷ ಎಂದು ಅದು ತೀರ್ಮಾನಿಸಿತು.

ಅಷ್ಟರಲ್ಲಿ ಶಾಸನವೇ ಬದಲಾಗಿತ್ತು. 1993ರ ತಿದ್ದುಪಡಿ 24ನೇ ಕಲಮಿನ ಬೆನ್ನಿಗೆ 24ಎ ಎಂಬ ಹೊಸ ಕಲಮನ್ನು ಅಂಟಿಸಿತು. ಅದು ಜಾರಿಗೆ ಬಂದದ್ದು ಆ ವರ್ಷದ ಜೂನ್ 18ರಿಂದ. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸದ ದೂರನ್ನು ಅಂಗೀಕರಿಸುವಂತಿಲ್ಲ. ತಡಕ್ಕೆ ಸಾಕಷ್ಟು ಕಾರಣವಿದೆ ಎಂದು ದೂರುದಾರ ಮನವರಿಕೆ ಮಾಡಿಕೊಟ್ಟರೆ ಮನ್ನಿಸಬಹುದು, ಆದರೆ ಮನ್ನಿಸಿದ ಕಾರಣವನ್ನು ವೇದಿಕೆ ಬರೆದಿಡಬೇಕು.

ಮಾಮೂಲಿ ಸಿವಿಲ್ ಕೋರ್ಟಿನಲ್ಲಿ ಮೂರು ವರ್ಷ, ಬಡ ಗ್ರಾಹಕನಿಗಾಗಿಯೇ ಮಾಡಿದ ಕಾನೂನಿನಲ್ಲಿ ಎರಡೇ ವರ್ಷ! ವೇದಿಕೆಗಳ ವಿಚಾರಣೆ ಸರಳ ಮತ್ತು ಶೀಘ್ರ, ಆದ್ದರಿಂದ ದೂರೂ ಶೀಘ್ರವಾಗಿ ಬರಲಿ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಸಾಕ್ಷ್ಯ ಹಳತಾಗುತ್ತದೆ, ಅಂಗಡಿಯ ಲೆಕ್ಕ ಕಳೆಯುತ್ತದೆ, ಕೆಟ್ಟ ಯಂತ್ರ ಗುಜರಿಗೆ ಹೋಗುತ್ತದೆ ಎಂಬ ವಾದದಲ್ಲೂ ಹುರುಳಿದೆ. ಆದರೆ ಕಾನೂನು ಗೊತ್ತಿರುವ ಕಂಪನಿ ಒಂದು ಕಡೆ, ಗೊತ್ತಿಲ್ಲದ ಕೊಳ್ಳುಗ ಇನ್ನೊಂದು ಕಡೆ ನಿಂತಾಗ ಗಡಿಯಾರ ಇಬ್ಬರಿಗೂ ಒಂದೇ ಸಮನಾಗಿ ಓಡುವುದಿಲ್ಲ. 1859ರ ಸಾಹುಕಾರ ಅದನ್ನೇ ತೋರಿಸಿಕೊಟ್ಟಿದ್ದ.

ಆಂಧ್ರದ ತಂಬಾಕು ವ್ಯಾಪಾರಿ ಸಂಸ್ಥೆಯೊಂದರ ಪ್ರಕರಣ ಇದಕ್ಕೆ ನಿದರ್ಶನ. 1988ರ ಮಾರ್ಚ್‌ನಲ್ಲಿ ಗೋದಾಮಿಗೆ ಬೆಂಕಿ ಬಿದ್ದು ವಿಮೆ ಮಾಡಿಸಿದ್ದ ತಂಬಾಕು ಸುಟ್ಟಿತು. ಸಂಸ್ಥೆ ವಿಮಾ ಕಂಪನಿಗೆ ಕ್ಲೇಮು ಅರ್ಜಿ ನಮೂನೆ ಕೊಡಿರೆಂದು ಕೇಳಿದ್ದು 1992ರಲ್ಲಿ. ಕಂಪನಿಯ ಉತ್ತರ ಬಂದದ್ದು 1996ರಲ್ಲಿ. ದೂರು ದಾಖಲಾದದ್ದು 1997ರಲ್ಲಿ. ಉತ್ತರ ಬಂದ ದಿನದಿಂದ ಎಣಿಸಿದರೆ ದೂರು ಸಕಾಲದಲ್ಲೇ ಇತ್ತು. ಆದರೆ ಎಣಿಕೆ ಶುರುವಾಗುವುದು ಬೆಂಕಿ ಬಿದ್ದ ದಿನದಿಂದ, ಆಮೇಲಿನ ಪತ್ರವ್ಯವಹಾರ ಮುದ್ದತನ್ನು ಬೆಳೆಸದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನು ನಂಬಿ ತಿಂಗಳುಗಟ್ಟಲೆ ಕಾಯುವವರು ಗಮನಿಸಬೇಕಾದ ತೀರ್ಪಿದು. ಪತ್ರ ಬರೆಯುತ್ತ ಕುಳಿತರೂ ದಿನ ಉರುಳುತ್ತಲೇ ಇರುತ್ತದೆ. ಅದೇ ವರ್ಷದ ಇನ್ನೊಂದು ತೀರ್ಪು, ಎದುರುದಾರ ಚಕಾರವೆತ್ತದಿದ್ದರೂ ದೂರು ಮುದ್ದತಿನೊಳಗಿದೆಯೇ ಎಂದು ವೇದಿಕೆಯೇ ನೋಡತಕ್ಕದ್ದು, ಮೀರಿದ ದೂರನ್ನು ವಿಚಾರಿಸಿ ಆದೇಶ ಕೊಟ್ಟರೆ ಅದು ಕಾನೂನುಬಾಹಿರ ಎಂದಿತು.

ಇನ್ನು 24ನೇ ಕಲಮಿನ ‘ಅಂತಿಮ’ ಎಂಬ ಪದ. ಕೇಳಲು ಸರಳವಾದ ಈ ಪದವೂ ಸಾಕಷ್ಟು ಜಗಳ ಹುಟ್ಟಿಸಿದೆ. ವಿಚಾರಣೆಯ ದಿನ ಎದುರುದಾರ ಬರದಿದ್ದರೆ ವೇದಿಕೆ ಏಕಪಕ್ಷೀಯ ಆದೇಶ ನೀಡುತ್ತದೆ. ಬಸ್ಸು ತಪ್ಪಿಯೋ ಕಾಯಿಲೆ ಬಿದ್ದೋ ದೂರುದಾರನೇ ಬರದಿದ್ದರೆ ದೂರು ವಜಾ ಆಗುತ್ತದೆ. ಮರುದಿನ ಬಂದು ಕೈಮುಗಿದು ಕೇಳಿಕೊಂಡರೆ ವೇದಿಕೆ ತನ್ನ ಆದೇಶವನ್ನು ತಾನೇ ಹಿಂತೆಗೆದುಕೊಳ್ಳಬಹುದೇ? ಸುಪ್ರೀಂ ಕೋರ್ಟಿನ ತೀರ್ಪುಗಳೇ ಈ ವಿಷಯದಲ್ಲಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. 2002ರ ತಿದ್ದುಪಡಿ ಆ ಅಧಿಕಾರವನ್ನು ರಾಷ್ಟ್ರೀಯ ಆಯೋಗಕ್ಕೆ ಮಾತ್ರ ಕೊಟ್ಟಿತು. ಕೊನೆಗೆ 2011ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಶಾಸನ ಕೊಡದ ಅಧಿಕಾರವನ್ನು ಜಿಲ್ಲಾ ವೇದಿಕೆ ಮತ್ತು ರಾಜ್ಯ ಆಯೋಗ ಚಲಾಯಿಸುವಂತಿಲ್ಲ ಎಂದು ಇತ್ಯರ್ಥಪಡಿಸಿತು. ಅಲ್ಲಿಗೆ ಒಂದು ದಿನದ ಗೈರುಹಾಜರಿಗೂ ಮೇಲ್ಮನವಿಯೊಂದೇ ಮದ್ದಾಯಿತು. ಜಿಲ್ಲಾ ಕೇಂದ್ರದಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ರಾಜಧಾನಿಯ ರೈಲು ಹತ್ತಬೇಕು. ಇದು ನ್ಯಾಯಸಮ್ಮತವೇ ಇರಬಹುದು, ಹಳ್ಳಿಯ ಗ್ರಾಹಕನಿಗೆ ಅನುಕೂಲವಂತೂ ಅಲ್ಲ.

ಅಂತಿಮವಾದ ಆದೇಶವೂ ಕೈಗೆ ಹಣ ತಂದುಕೊಡುತ್ತದೆಂಬ ಭರವಸೆ ಇರಲಿಲ್ಲ. ಅದೇ 2002ರ ತಿದ್ದುಪಡಿ 25ನೇ ಕಲಮಿನಲ್ಲಿ, ‘ಮಧ್ಯಂತರ ಆದೇಶ’ ಪಾಲಿಸದವರ ಆಸ್ತಿ ಜಪ್ತಿ ಮಾಡಬಹುದೆಂದು ಬರೆಯಿತು. ಅಂತಿಮ ಆದೇಶದ ಮಾತೇ ಆ ವಾಕ್ಯದಲ್ಲಿ ಬಿಟ್ಟುಹೋಯಿತು. ಈ ಒಂದು ಪದದಿಂದ, 2003ರ ಮಾರ್ಚ್‌ನಿಂದ 2020ರ ಜುಲೈವರೆಗೆ ಗೆದ್ದ ಗ್ರಾಹಕರ ಪೈಕಿ ಅನೇಕರು ಆದೇಶ ಜಾರಿಗಾಗಿ ಅಲೆಯಬೇಕಾಯಿತು. ಆ ವಾಕ್ಯವನ್ನು ‘ಯಾವುದೇ ಆದೇಶ’ ಎಂದು ಓದಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಆಗಸ್ಟ್‌ನಲ್ಲಿ.

1986ರ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆ ಜಾರಿಯಾದದ್ದು 2020ರ ಜುಲೈ 20ರಂದು. ವೇದಿಕೆ ಎಂಬ ಹೆಸರು ಹೋಗಿ ಜಿಲ್ಲಾ ಆಯೋಗ ಬಂತು. ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದೆಂಬ ದೊಡ್ಡ ಅನುಕೂಲವೂ ಬಂತು. ಆದರೆ ನಮ್ಮ ಎರಡು ಕಲಮುಗಳು ಹೆಚ್ಚುಕಡಿಮೆ ಹಾಗೇ ಉಳಿದವು. ‘ಅಂತಿಮ’ 68ನೇ ಕಲಮಾಯಿತು, ಎರಡು ವರ್ಷದ ಗಡುವು 69ನೆಯದಾಯಿತು. ಜಿಲ್ಲಾ ಆಯೋಗದಿಂದ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಹಿಂದೆ ಇದ್ದ 30 ದಿನ 45 ದಿನವಾಯಿತು. ಹಣ ಕೊಡಬೇಕೆಂದು ಆದೇಶವಾದವರು ಮೇಲ್ಮನವಿಗೆ ಮುನ್ನ ಅರ್ಧ ಮೊತ್ತ ಕಟ್ಟಬೇಕು. ಹಳೆಯ ಕಾಯ್ದೆಯಲ್ಲಿ ಇಲ್ಲಿ ಅರ್ಧ ಮೊತ್ತ ಅಥವಾ 25 ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಸಾಕಿತ್ತು. ಕಂಪನಿಗಳು ಬರಿಯ ಕಾಲಹರಣಕ್ಕಾಗಿ ಮೇಲ್ಮನವಿ ಹಾಕುವುದಕ್ಕೆ ಇದು ಲಗಾಮು. ಕಣ್ಣಿಗೆ ಎದ್ದು ಕಾಣುವ ತಪ್ಪಿದ್ದರೆ ತನ್ನ ಆದೇಶವನ್ನು ತಾನೇ ಪುನರ್ ಪರಿಶೀಲಿಸುವ ಅಧಿಕಾರ ಈಗ ಜಿಲ್ಲಾ ಆಯೋಗಕ್ಕಿದೆ. ಅದಕ್ಕೆ 30 ದಿನದೊಳಗೆ ಅರ್ಜಿ ಕೊಡಬೇಕು. ಏಕಪಕ್ಷೀಯ ಆದೇಶ ರದ್ದುಪಡಿಸುವ ಅಧಿಕಾರ ಮಾತ್ರ ಇಂದಿಗೂ ರಾಷ್ಟ್ರೀಯ ಆಯೋಗದ್ದೇ.

ಗಡುವು ಗ್ರಾಹಕನೊಬ್ಬನಿಗೇ ಅಲ್ಲ ಎಂಬುದನ್ನು ಸ್ಪಷ್ಟಪಡಿಸಿದ್ದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ 2020ರ ಮಾರ್ಚ್ 4ರ ತೀರ್ಪು. ದೂರಿಗೆ ಎದುರುದಾರ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಪಡೆದು, ಉತ್ತರ ಕೊಡಬೇಕು. 45 ದಿನ ದಾಟಿದ ಮೇಲೆ ಒಂದು ದಿನವನ್ನೂ ಕೊಡುವಂತಿಲ್ಲ ಎಂದು ಅದು ಹೇಳಿತು. ವಾಯಿದೆಯ ಮೇಲೆ ವಾಯಿದೆ ಪಡೆದು ದೂರುದಾರನನ್ನು ಸುಸ್ತುಮಾಡುವ ಹಳೆಯ ಉಪಾಯಕ್ಕೆ ಇದರಿಂದ ಪೆಟ್ಟು ಬಿತ್ತು. ತಮಾಷೆಯೆಂದರೆ ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ ಕೋವಿಡ್ ಬಂದು ಎಲ್ಲ ಗಡಿಯಾರಗಳೂ ನಿಂತವು. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಮುದ್ದತಿನ ಲೆಕ್ಕದಿಂದ ಕೈಬಿಡಲು ಸುಪ್ರೀಂ ಕೋರ್ಟ್ ಆದೇಶಿಸಿತು.

ಎರಡು ವರ್ಷದ ಗೋಡೆಯಲ್ಲಿ ಒಂದು ಕಿಂಡಿಯೂ ಇದೆ. ತಪ್ಪು ಒಂದೇ ದಿನ ನಡೆದು ಮುಗಿಯದೆ ಮುಂದುವರಿಯುತ್ತಲೇ ಇದ್ದರೆ ಮುದ್ದತೂ ದಿನದಿನಕ್ಕೆ ಹೊಸದಾಗಿ ಹುಟ್ಟುತ್ತದೆ. ಮುಂಬಯಿಯ ಒಂದು ಗೃಹನಿರ್ಮಾಣ ಸಹಕಾರ ಸಂಘದ ಸದಸ್ಯರು 1997ರಿಂದ ಫ್ಲ್ಯಾಟುಗಳಲ್ಲಿ ವಾಸವಾಗಿದ್ದರು. ಕಟ್ಟಿದವರು ಪಾಲಿಕೆಯಿಂದ ವಾಸಯೋಗ್ಯ ಪ್ರಮಾಣಪತ್ರ ತಂದುಕೊಡಲೇ ಇಲ್ಲ. ಅದಿಲ್ಲದ ಕಾರಣ ನಿವಾಸಿಗಳು ಶೇ 25ರಷ್ಟು ಹೆಚ್ಚು ಆಸ್ತಿ ತೆರಿಗೆ, ಶೇ 50ರಷ್ಟು ಹೆಚ್ಚು ನೀರಿನ ಕರ ಕಟ್ಟಬೇಕಾಯಿತು. ಪ್ರಮಾಣಪತ್ರ ಕೊಡಿಸಿರೆಂದು ಗೆದ್ದ ಆದೇಶವೂ ಪಾಲನೆಯಾಗದಿದ್ದಾಗ, ಹೆಚ್ಚಿಗೆ ಕಟ್ಟಿದ ಹಣ ವಾಪಸು ಕೊಡಿಸಿ ಎಂದು ಮತ್ತೆ ದೂರು ಕೊಟ್ಟರು. ಮುದ್ದತು ಮೀರಿದೆ ಎಂದು ರಾಷ್ಟ್ರೀಯ ಆಯೋಗ 2018ರಲ್ಲಿ ಅದನ್ನು ತಳ್ಳಿಹಾಕಿತು. ಪ್ರಮಾಣಪತ್ರ ಕೊಡದಿರುವುದು ಮುಂದುವರಿಯುತ್ತಿರುವ ತಪ್ಪು, ದೂರಿಗೆ ಮುದ್ದತಿನ ಅಡ್ಡಿಯಿಲ್ಲ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ದೂರುಗಳನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕು ಎಂಬ ಮಾತು ಎರಡೂ ಕಾಯ್ದೆಗಳಲ್ಲಿ ಇದೆ. ಗ್ರಾಹಕನಿಗೆ ‘ತಕ್ಕದ್ದು’, ಎದುರುದಾರನಿಗೆ ‘ತಕ್ಕದ್ದು’, ಆಯೋಗಕ್ಕೆ ಮಾತ್ರ ‘ಯತ್ನ’. ಮುಂಬಯಿಯ ಆ ನಿವಾಸಿಗಳ ದೂರನ್ನು ಸುಪ್ರೀಂ ಕೋರ್ಟ್ ಮತ್ತೆ ವಿಚಾರಣೆಗಾಗಿ ರಾಷ್ಟ್ರೀಯ ಆಯೋಗಕ್ಕೇ ಕಳುಹಿಸಿತು. ಮನೆಗೆ ಕಾಲಿಟ್ಟ ಇಪ್ಪತ್ತೈದನೇ ವರ್ಷದಲ್ಲಿ ಅವರ ದೂರಿಗೆ ಹೊಸ ಗಡುವು ಸಿಕ್ಕಿತು, ಮೂರು ತಿಂಗಳು.